ಮಧೂರು ದೇವಸ್ಥಾನಕ್ಕೆ ‘ಗಜಪೃಷ್ಠ’ ಅಂತ ಯಾಕೆ ಹೇಳುತ್ತಾರೆ?

ಅಡ್ಕದ_ಟೀಚರ್:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಮಧೂರು ದೇವಸ್ಥಾನದ ಬಗ್ಗೆ ಎಲ್ಲಿ ಓದಿದರೂ ‘ಗಜಪೃಷ್ಠಾಕಾರದ ಮೂರು ಅಂತಸ್ತಿನ ಗುಡಿ’ ಎಂಬ ಸಾಲು ಇದ್ದೇ ಇರುತ್ತದೆ. 2025ರ ಬ್ರಹ್ಮಕಲಶೋತ್ಸವ, ಮೂಡಪ್ಪ ಸೇವೆಯ (ಗಣಪತಿಯನ್ನು ಅಪ್ಪದಿಂದ ಮುಚ್ಚುವ ಸೇವೆ) ಹೊತ್ತಿಗಂತೂ ಈ ಪದ ಇನ್ನೂ ಜಾಸ್ತಿ ಕಣ್ಣಿಗೆ ಬಿತ್ತು. ಆದರೆ ಅದು ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಮನೆಯಲ್ಲಿ ಕೇಳಿದರೆ “ಗಣಪತಿ ದೇವಸ್ಥಾನ ಅಲ್ವಾ, ಅದಕ್ಕೇ ಆನೆ” ಅನ್ನುತ್ತಾರೆ. ನಿಜವಾ? ಇದು ಬರೀ ಮಾಡಿನ (ಛಾವಣಿಯ) ಹೆಸರಾ, ಇಡೀ ಗುಡಿಯ ಹೆಸರಾ? ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕು ಅಂತಿದ್ದೇನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನೀರ್ಚಾಲಿನವ:
ಟೀಚರ್, ಒಳ್ಳೆಯ ಪ್ರಶ್ನೆ. ಮೊದಲು ಪದ ನೋಡುವ. ಗಜ ಅಂದರೆ ಆನೆ, ಪೃಷ್ಠ ಅಂದರೆ ಬೆನ್ನು, ಹಿಂಭಾಗ. ಶಿಲ್ಪಶಾಸ್ತ್ರದಲ್ಲಿ ‘ಹಸ್ತಿಪೃಷ್ಠ’ ಅಂತಲೂ ಇದೆ, ಅರ್ಥ ಒಂದೇ. ಆನೆ ನಿಂತಿರುವಾಗ ಹಿಂದಿನಿಂದ ನೋಡಿ. ಮೂಲೆ ಅನ್ನುವುದೇ ಇಲ್ಲ, ದುಂಡಗೆ ತಿರುಗಿಕೊಂಡು ಮೇಲಿನಿಂದ ಕೆಳಗೆ ಇಳಿಯುತ್ತದೆ. ಗುಡಿಯ ಹಿಂಭಾಗವೂ ಹಾಗೇ ಇರುವುದರಿಂದ ಆ ಹೆಸರು.

ಇದು ಬರೀ ಮಾಡಿನ ಹೆಸರಲ್ಲ. ಅಡಿಪಾಯದಿಂದಲೇ ಶುರುವಾಗುತ್ತದೆ. ನೆಲದಲ್ಲಿ ಗೆರೆ ಎಳೆದರೆ ಮುಂದಿನ ಭಾಗ ಚೌಕ, ಅಲ್ಲಿ ಎರಡು ಮೂಲೆ. ಹಿಂದಿನ ಭಾಗ ಅರ್ಧವೃತ್ತ, ಅಲ್ಲಿ ಮೂಲೆ ಇಲ್ಲ. ಪಂಚಾಂಗ (ಗೋಡೆಯ ಕೆಳಗಿನ ಕಟ್ಟೆ), ಗೋಡೆ, ಮಾಡು ಎಲ್ಲವೂ ಅದೇ ಗೆರೆ ಹಿಡಿದು ಮೇಲೇರುತ್ತವೆ. ಹಾಗಾಗಿ ಎದುರಿನಿಂದ ಕೈಮುಗಿದು ಬಂದವರಿಗೆ ಇದು ಗೊತ್ತೇ ಆಗುವುದಿಲ್ಲ. ಎದುರಿಗೆ ನಮಸ್ಕಾರ ಮಂಟಪ, ಅದರ ಹಿಂದೆ ಬಾಗಿಲು, ಎಲ್ಲ ನೇರ ಗೆರೆಗಳೇ. ಪ್ರದಕ್ಷಿಣೆ ಬರುವಾಗ ಹಿಂದೆ ಹೋಗಿ ಒಂದು ನಿಮಿಷ ನಿಂತು ತಲೆ ಎತ್ತಿ ನೋಡಬೇಕು. ತಾಮ್ರದ ಹೊದಿಕೆ ದುಂಡಗೆ ತಿರುಗಿ ಒಂದರ ಮೇಲೊಂದು ಕೂತಿರುವುದು ಅಲ್ಲಿಂದಲೇ ಚಂದ ಕಾಣುವುದು. ಮಕ್ಕಳನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ.

ಕುಂಬಳೆ_ಪೇಟೆ:
ಮಾಷ್ಟ್ರೇ, ಗಣಪತಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತೀರಾ? ಮಧೂರು ಅಂದರೆ ಗಣಪತಿ, ಅಪ್ಪ ಪ್ರಸಾದ. ಇಲ್ಲಿ ಆನೆಮೊಗದ ದೇವರು, ಗುಡಿಗೆ ಆನೆಯ ಬೆನ್ನು. ಸುಮ್ನೆ ಕೂಡಿ ಬಂದದ್ದಾ ಇದು?

ನೀರ್ಚಾಲಿನವ:
ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಹೆಸರು ಅಲ್ಲಿಂದ ಬಂದದ್ದಲ್ಲ. ಮಧೂರಿನ ಮೂಲದೇವರು ಯಾರು ಹೇಳಿ? ಶ್ರೀ ಮದನಂತೇಶ್ವರ, ಅಂದರೆ ಶಿವ. ಹುಲ್ಲು ಕೊಯ್ಯುವಾಗ ಮದರು ಎಂಬ ಹೆಂಗಸಿನ ಕತ್ತಿ ತಾಗಿ ಉದ್ಭವ ಲಿಂಗ ಕಂಡಿತು ಎಂಬ ಕತೆ ನಮಗೆಲ್ಲ ಗೊತ್ತಿದ್ದದ್ದೇ. ಗಣಪತಿ ಇರುವುದು ಗರ್ಭಗುಡಿಯ ತೆಂಕು ಗೋಡೆಯಲ್ಲಿ. ಅರ್ಚಕರ ಮನೆಯ ಹುಡುಗ ಆಟಕ್ಕೆ ಬರೆದ ಚಿತ್ರ ಬೆಳೆಯುತ್ತಾ ಹೋಯಿತು ಅಂತ ಸ್ಥಳಪುರಾಣ ಹೇಳುತ್ತದೆ. ಗುಡಿಯ ಆಕಾರ ಇರುವುದು ಶಿವನ ಗರ್ಭಗುಡಿಗೆ.

ಇನ್ನೊಂದು ಕಡೆಯಿಂದಲೂ ನೋಡಿ. ಉಡುಪಿ ರಥಬೀದಿಯಲ್ಲಿ ಕೃಷ್ಣಮಠದ ಹತ್ತಿರವೇ ಅನಂತೇಶ್ವರ ದೇವಸ್ಥಾನ ಇದೆಯಲ್ಲ, ಮಧ್ವಾಚಾರ್ಯರು ಪಾಠ ಹೇಳುತ್ತಿದ್ದ ಜಾಗ, ಅದೂ ಗಜಪೃಷ್ಠವೇ. ಅಲ್ಲಿ ಗಣಪತಿ ಮುಖ್ಯ ದೇವರಲ್ಲ. ಕೋಝಿಕೋಡಿನ ತಿರುವಣ್ಣೂರು ಶಿವ ದೇವಸ್ಥಾನವೂ ಇದೇ ಆಕಾರ. ಗಣಪತಿಗಾಗಿಯೇ ಈ ಆಕಾರ ಅಂತಾದರೆ ಇವೆಲ್ಲ ಯಾಕೆ ಹೀಗಿವೆ?

ಆನೆಯ ಮಾತು ಎಷ್ಟು ಹಳೆಯದು ಅಂತ ನೋಡಬೇಕಾದರೆ ಮಹಾಬಲಿಪುರಕ್ಕೆ ಹೋಗಬೇಕು. ಅಲ್ಲಿ ಪಲ್ಲವರು 7ನೇ ಶತಮಾನದಲ್ಲಿ ಬಂಡೆಯಲ್ಲೇ ಕಡೆದ ಐದು ರಥಗಳಲ್ಲಿ ಸಹದೇವ ರಥ ಗಜಪೃಷ್ಠ. ಅದರ ಪಕ್ಕದಲ್ಲೇ ಒಂದು ದೊಡ್ಡ ಆನೆಯನ್ನೂ ಒಂದೇ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ಬಡಗಿನಿಂದ ಒಳಗೆ ಬರುವವರಿಗೆ ರಥದ ಬೆನ್ನೂ ಆನೆಯ ಬೆನ್ನೂ ಒಟ್ಟಿಗೇ ಕಾಣುತ್ತವೆ. ಎರಡನ್ನೂ ಹೋಲಿಸಿ ನೋಡಲಿ ಅಂತಲೇ ಆ ಶಿಲ್ಪಿಗಳು ಹಾಗೆ ಮಾಡಿದ್ದಾರೆ ಅಂತ ನನಗೆ ಅನಿಸುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ಹೊಸೂರು_ಕನ್ನಡತಿ:
ನಾನು ಹೊಸೂರಿನವಳು, ಇಲ್ಲಿ ನಮಗೆ ತಮಿಳು ನಿತ್ಯದ ಮಾತು. ತಮಿಳಿನಲ್ಲಿ ಇದಕ್ಕೆ ‘ತೂಂಗಾನೈ ಮಾಡಂ’ ಅಂತಾರೆ. ತೂಂಗು ಅಂದರೆ ಮಲಗು, ಆನೈ ಅಂದರೆ ಆನೆ. ಮಲಗಿದ ಆನೆಯಂಥ ಮಾಳಿಗೆ! ಇದು ಈಚೆಗೆ ಹುಟ್ಟಿದ ಹೆಸರಲ್ಲ. ಕಡಲೂರು ಜಿಲ್ಲೆಯ ಪೆಣ್ಣಾಡಂ ಶಿವಾಲಯವನ್ನು ತೇವಾರ ಎಂಬ ತಮಿಳು ಶಿವಸ್ತುತಿಗಳಲ್ಲಿ ಸಂಬಂಧರ್, ಅಪ್ಪರ್ ಇಬ್ಬರೂ ಇದೇ ಹೆಸರಿನಿಂದ ಹಾಡಿದ್ದಾರೆ. ಅಂದರೆ ಗುಡಿಯ ಆಕಾರವೇ ಆ ಕ್ಷೇತ್ರದ ಹೆಸರೂ ಆಗಿಬಿಟ್ಟಿದೆ. ನಮ್ಮ ಕಡೆಯಿಂದ ಹೋಗುವವರಿಗೆ ತಿರುತ್ತಣಿಯಲ್ಲೂ ಒಂದಿದೆ. ಬೆಟ್ಟದ ಮೇಲಿನ ಮುರುಗನ್ ಗುಡಿ ಅಲ್ಲ, ಪಲ್ಲವರ ಕಾಲದ ವೀರಟ್ಟಾನೇಶ್ವರ. ತುಂಬಾ ಸಣ್ಣದು, ಆದರೆ ಹಿಂಭಾಗದ ದುಂಡು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಅಡ್ಕದ_ಟೀಚರ್:
ಅಕ್ಕ, ಮಲಗಿದ ಆನೆ! ಮಕ್ಕಳಿಗೆ ಇದು ಬಹಳ ಇಷ್ಟ ಆಗುತ್ತದೆ. ಅದು ಸರಿ, ದುಂಡಗೆ ಗೋಡೆ ಕಟ್ಟುವುದು, ಅದರ ಮೇಲೆ ಮರದ ಮಾಡು ಕೂರಿಸುವುದು ಕಷ್ಟದ ಕೆಲಸ ಅಲ್ವಾ? ಚೌಕ ಕಟ್ಟಿದ್ದರೆ ಸುಲಭ ಆಗುತ್ತಿತ್ತು.

ಮುಳ್ಳೇರಿಯ_ಆಚಾರಿ:
ಟೀಚರ್, ಇದಕ್ಕೆ ನಾನು ಹೇಳುತ್ತೇನೆ, ನಮ್ಮದು ಮರದ ಕೆಲಸದ ಮನೆ.

ಗೋಡೆ ಅಷ್ಟು ಕಷ್ಟ ಇಲ್ಲ. ನಮ್ಮ ಊರಿನ ಮುರಕಲ್ಲು ನೆಲದಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಕತ್ತಿ ಮಚ್ಚಿನಲ್ಲೇ ಕೆತ್ತಬಹುದು, ಗಾಳಿ ತಾಗಿ ತಾಗಿ ಆಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಕಲ್ಲಿನ ಮುಖವನ್ನು ಬಾಗಿಸಿ ಕೆತ್ತುವುದು ದೊಡ್ಡ ವಿಷಯ ಅಲ್ಲ.

ಮಾಡಿನ ವಿಷಯ ಕೇಳಿ. ಚೌಕದ ಗುಡಿಗೆ ನಾಲ್ಕು ಕಡೆ ಇಳಿಜಾರು ಬಂದರೆ ನಾಲ್ಕು ಮೂಲೆಗೂ ಮೂಲೆ ಪಕ್ಕಾಸು (ಮಾಡಿನ ಇಳಿಜಾರಿಗೆ ಇಡುವ ಮರ) ಬೇಕು. ಅದು ಉಳಿದ ಪಕ್ಕಾಸಿಗಿಂತ ಉದ್ದ, ಅದರ ಇಳಿಜಾರೂ ಬೇರೆ, ಅದಕ್ಕೆ ಬಂದು ಸೇರುವ ಪಕ್ಕಾಸುಗಳೆಲ್ಲ ಒಂದಕ್ಕಿಂತ ಒಂದು ಗಿಡ್ಡ. ಲೆಕ್ಕ ತಪ್ಪಿದರೆ ಮರ ಹಾಳು. ಗಜಪೃಷ್ಠದ ಹಿಂಭಾಗದಲ್ಲಿ ಮೂಲೆಯೇ ಇಲ್ಲವಲ್ಲ! ಅರ್ಧವೃತ್ತದ ತ್ರಿಜ್ಯ ಅಂದರೆ ಗುಡಿಯ ಅಗಲದ ಅರ್ಧ. ಬದಿಯ ಪಕ್ಕಾಸು ಗೋಡೆಯಿಂದ ನೆತ್ತಿಗೆ ಹೋಗುವ ದೂರವೂ ಅಗಲದ ಅರ್ಧವೇ. ಅಂದರೆ ಬದಿಯ ಪಕ್ಕಾಸು, ಹಿಂದೆ ಸುತ್ತ ನಿಲ್ಲುವ ಪಕ್ಕಾಸು, ಎಲ್ಲದರ ಉದ್ದವೂ ಒಂದೇ, ಇಳಿಜಾರೂ ಒಂದೇ. ಒಂದು ಪಕ್ಕಾಸು ಸರಿಯಾಗಿ ಕೊಯ್ದರೆ ಅದೇ ಅಚ್ಚು ಎಲ್ಲದಕ್ಕೂ ನಡೆಯುತ್ತದೆ. ಇದನ್ನು ಮೊದಲು ಕಂಡುಕೊಂಡ ಬಡಗಿ ಯಾರೋ, ಅವನಿಗೆ ಕೈಮುಗಿಯಬೇಕು.

ಕಷ್ಟ ಇರುವುದು ಎರಡು ಕಡೆ. ಒಂದು, ನೆತ್ತಿಯ ಹಿಂದಿನ ತುದಿ. ನೇರ ಭಾಗದಲ್ಲಿ ಪಕ್ಕಾಸುಗಳು ಜೋಡಿ ಜೋಡಿಯಾಗಿ ನೆತ್ತಿಯ ಮರಕ್ಕೆ ಕೂರುತ್ತವೆ. ಮಲಯಾಳದ ಆಚಾರಿಗಳು ಈ ನೆತ್ತಿ ಮರಕ್ಕೆ ಮೋಂತಾಯ ಅಂತಾರೆ, ಪಕ್ಕಾಸಿಗೆ ಕಳುಕ್ಕೋಲು ಅಂತಾರೆ. ದುಂಡು ಭಾಗದ ಪಕ್ಕಾಸುಗಳೆಲ್ಲ ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ಒಂದೇ ಬಿಂದುವಿಗೆ ಬಂದು ಸೇರಬೇಕು. ಅಷ್ಟು ತಲೆಗಳಿಗೆ ಒಂದೇ ಕಡೆ ಜಾಗ ಎಲ್ಲಿ? ಅದಕ್ಕೆ ತುದಿಯನ್ನು ಬೆಣೆಯ ಹಾಗೆ ಸಪೂರ ಮಾಡಿ, ನಡುವೆ ಒಂದು ದಪ್ಪ ಮರದ ತುಂಡಿಗೆ ತೂತು ಕೊರೆದು ಕೂರಿಸುತ್ತಾರೆ. ಪೂರ್ತಿ ವೃತ್ತದ ಗುಡಿಗೂ ಹೀಗೇ, ಇಲ್ಲಿ ಅದರ ಅರ್ಧ.

ಎರಡನೆಯದು ಹೊದಿಕೆ. ಪಕ್ಕಾಸಿನ ನಡುವಿನ ಜಾಗ ಸೂರಿನ ಹತ್ತಿರ ಅಗಲ, ನೆತ್ತಿಯಲ್ಲಿ ಏನೂ ಇಲ್ಲ. ನಾವು ಮನೆಗೆ ಹಾಕುವ ಹಂಚು ಆಯತ, ಅದನ್ನು ಹಾಗೇ ಹಾಕಿದರೆ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಮೇಲೆ ಹೋದ ಹಾಗೆ ಪ್ರತಿಯೊಂದನ್ನೂ ಕತ್ತರಿಸಬೇಕು. ಹಂಚಿನ ಅಡಿಗೆ ಅಡ್ಡಕ್ಕೆ ಹೊಡೆಯುವ ರೀಪೂ ಉದ್ದಕ್ಕೆ ಬಾಗುವುದಿಲ್ಲ, ತುಂಡು ತುಂಡು ಹೊಡೆಯಬೇಕು. ತಾಮ್ರದ ತಗಡಾದರೆ ಮೇಲೆ ಸಪೂರ, ಕೆಳಗೆ ಅಗಲ ಬರುವ ಹಾಗೆ ಕೊಯ್ದು ಅಂಚು ಮಡಚಿ ಕೂರಿಸಬಹುದು, ನೀರು ಒಳಗೆ ಹೋಗುವುದಿಲ್ಲ. ನಮ್ಮ ಆಟಿ ತಿಂಗಳ ಮಳೆಗೆ ಅದೇ ಒಳ್ಳೆಯದು.

ಹೊಸೂರು_ಕನ್ನಡತಿ:
ಆಚಾರ್ರೇ, ಇದನ್ನು ಎಲ್ಲಿಯೂ ಓದಿರಲಿಲ್ಲ. ಎಲ್ಲ ಪಕ್ಕಾಸೂ ಒಂದೇ ಉದ್ದ ಅನ್ನುವುದು ಎಷ್ಟು ಚಂದದ ಲೆಕ್ಕ!

ಮಂಜೇಶ್ವರ_ಟು_ಬೆಂಗ್ಳೂರು:
ಒಂದು ಮಾತು ಯಾರೂ ಎತ್ತಲಿಲ್ಲ. ಈ ಆಕಾರ ಬೌದ್ಧ ಚೈತ್ಯದ್ದು, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದ್ದು. ಮಹಾರಾಷ್ಟ್ರದ ಭಾಜಾ, ಕಾರ್ಲೆ ಗುಹೆ ನೋಡಿ, ಒಳಗೆ ಇದೇ ಆಕಾರ, ದುಂಡು ಭಾಗದಲ್ಲಿ ಸ್ತೂಪ. ಹಾಗಾದರೆ ಗಜಪೃಷ್ಠದ ಗುಡಿಗಳೆಲ್ಲ ಮೊದಲು ಬೌದ್ಧರದ್ದೇ ಆಗಿದ್ದವು ಅಂತ ತಾನೇ ಅರ್ಥ? ಮಧೂರನ್ನೂ ಸೇರಿಸಿ.

ಕುಂಬಳೆ_ಪೇಟೆ:
ಇಂಥ ಮಾತು ಎಲ್ಲ ದೇವಸ್ಥಾನಕ್ಕೂ ಅಂಟಿಸುತ್ತಾರಪ್ಪ. ಏನಾದರೂ ಆಧಾರ ಬೇಡವಾ?

ನೀರ್ಚಾಲಿನವ:
ಇಬ್ಬರೂ ಸ್ವಲ್ಪ ತಾಳಿ, ಇದು ಜಗಳದ ವಿಷಯ ಅಲ್ಲ, ನಿಜಕ್ಕೂ ಸೊಗಸಾದ ವಿಷಯ.

ಬೌದ್ಧರು ಈ ಆಕಾರವನ್ನು ಬಹಳ ಬಳಸಿದರು, ಅದು ಸತ್ಯ. ಸ್ತೂಪದ ಸುತ್ತ ಪ್ರದಕ್ಷಿಣೆ ಬರಲಿಕ್ಕೆ ಹಿಂಭಾಗ ದುಂಡಗಿದ್ದರೆ ಅನುಕೂಲ, ಎಲ್ಲ ಕಡೆಯೂ ಒಂದೇ ಅಗಲದ ದಾರಿ ಸಿಗುತ್ತದೆ. ಆದರೆ ಅವರೇ ಇದರ ಮಾಲೀಕರು ಅನ್ನಲಿಕ್ಕೆ ಆಗುವುದಿಲ್ಲ. ಬಿಹಾರದ ಬರಾಬರ್ ಬೆಟ್ಟದ ಸುದಾಮ ಗುಹೆ ನೋಡಿ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಉದ್ದನೆಯ ಒಂದು ಕೋಣೆ, ಅದರ ತುದಿಗೆ ಒಂದು ದುಂಡು ಕೋಣೆ. ಅಶೋಕ ಅದನ್ನು ಕೊಟ್ಟದ್ದು ಬೌದ್ಧರಿಗಲ್ಲ, ಆಜೀವಿಕರು ಎಂಬ ಬೇರೆ ಪಂಥದ ಸನ್ಯಾಸಿಗಳಿಗೆ, ಶಾಸನವೇ ಇದೆ. ಮಧ್ಯಪ್ರದೇಶದ ಬೆಸ್‌ನಗರದಲ್ಲಿ ಗ್ರೀಕ್ ರಾಯಭಾರಿ ಹೆಲಿಯೊಡೋರಸ್ ನಿಲ್ಲಿಸಿದ ಕಂಬದ ಹತ್ತಿರ ಅಗೆದಾಗ ಸಿಕ್ಕಿದ ವಾಸುದೇವನ ಗುಡಿಯ ಅಡಿಪಾಯವೂ ದುಂಡು ತುದಿಯದ್ದೇ, ಮೊಟ್ಟೆಯಾಕಾರ. ನಮ್ಮ ಗಡಿಯ ಆಚೆ ಆಂಧ್ರದ ಗುಡಿಮಲ್ಲಂನಲ್ಲಿ ಪರಶುರಾಮೇಶ್ವರ ದೇವಸ್ಥಾನ ಇದೆ, ದೇಶದ ಅತಿ ಹಳೆಯ ಲಿಂಗಗಳಲ್ಲಿ ಒಂದು ಅಲ್ಲಿದೆ. ಆ ಗರ್ಭಗುಡಿಯೂ ಗಜಪೃಷ್ಠ, ಈಗಿನ ಕಲ್ಲಿನ ಗುಡಿಗಿಂತ ಮೊದಲು ಇಟ್ಟಿಗೆಯ ಗಜಪೃಷ್ಠ ಗುಡಿಯೇ ಇತ್ತು ಅಂತ ಅಗೆತದಲ್ಲಿ ಗೊತ್ತಾಗಿದೆ.

ಹಾಗಾದರೆ ಮೂಲ ಎಲ್ಲಿ? ಕಾರ್ಲೆಯ ಗುಹೆಯೊಳಗೆ ಹೋಗಿ ಮೇಲೆ ನೋಡಿ, ಕಲ್ಲಿನ ಮಾಡಿಗೆ ಮರದ ಬಾಗಿದ ಪಕ್ಕೆಗಳನ್ನು ಕೂರಿಸಿದ್ದಾರೆ, ಅವು ಈಗಲೂ ಅಲ್ಲಿವೆ. ಕಲ್ಲಿನ ಗುಹೆಗೆ ಮರದ ಆಧಾರ ಬೇಕಾಗಿಯೇ ಇಲ್ಲ. ಆದರೂ ಹಾಕಿದ್ದಾರೆ ಅಂದರೆ ಅವರ ಕಣ್ಣ ಮುಂದೆ ಇದ್ದದ್ದು ಮರ, ಬಿದಿರು, ಹುಲ್ಲಿನಲ್ಲಿ ಕಟ್ಟಿದ ಚಾವಡಿ. ಬಿದಿರನ್ನು ಬಗ್ಗಿಸುವುದು ಸುಲಭ, ಮೂಲೆ ಮಾಡುವುದೇ ಕಷ್ಟ. ದುಂಡು ತುದಿಯ ಮನೆ ಮೊದಲು ಬಂತು, ಅದರೊಳಗೆ ಸ್ತೂಪ ಇಟ್ಟವರು ಬೌದ್ಧರು, ಲಿಂಗ ಇಟ್ಟವರು ಶೈವರು, ಇನ್ನೊಬ್ಬರು ವಿಷ್ಣುವನ್ನು ಇಟ್ಟರು. ನನ್ನ ಮಟ್ಟಿಗೆ ಇದು ಕಟ್ಟುವವರ ಆಕಾರ, ಒಂದು ಮತದ್ದಲ್ಲ. ಆಕಾರ ಒಂದನ್ನೇ ಹಿಡಿದುಕೊಂಡು ಮಧೂರು ಬೌದ್ಧರದ್ದಾಗಿತ್ತು ಅನ್ನುವುದು ಸರಿಯಲ್ಲ, ಅದಕ್ಕೆ ಬೇರೆ ಸಾಕ್ಷಿ ಬೇಕು.

ಮಂಜೇಶ್ವರ_ಟು_ಬೆಂಗ್ಳೂರು:
ಬರಾಬರ್ ವಿಷಯ ಒಪ್ಪಿದೆ ಮಾಷ್ಟ್ರೇ. ಆದರೆ ಬೌದ್ಧ ಚೈತ್ಯವೇ ಗುಡಿಯಾದ ಉದಾಹರಣೆ ಇಲ್ಲವೇ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಆಂಧ್ರದ ಪಲ್ನಾಡಿನ ಚೇಜರ್ಲ ಕಪೋತೇಶ್ವರ ಗುಡಿ ಹಾಗೆ ಅಂತ ಎಷ್ಟೋ ವಿದ್ವಾಂಸರು ಬರೆದಿದ್ದಾರೆ.

ಸೊಲ್ಲಾಪುರದ_ಕನ್ನಡಿಗ:
ನಮ್ಮ ಕಡೆಯದ್ದನ್ನೂ ಸೇರಿಸಿಕೊಳ್ಳಿ. ಸೊಲ್ಲಾಪುರದ ನೆರೆಯ ಧಾರಾಶಿವ ಜಿಲ್ಲೆಯಲ್ಲಿ ತೇರ್ ಅಂತ ಊರು. ಹಳೆಯ ಹೆಸರು ತಗರ, ಗ್ರೀಕ್ ನಾವಿಕರ ಪೆರಿಪ್ಲಸ್ ಬರವಣಿಗೆಯಲ್ಲೂ ಆ ಹೆಸರಿದೆ. ಅಲ್ಲಿಯ ತ್ರಿವಿಕ್ರಮ ಗುಡಿ ಪೂರಾ ಇಟ್ಟಿಗೆಯದ್ದು, ಹಿಂಭಾಗ ದುಂಡು. ಎದುರಿಗೆ ಮಂಟಪವನ್ನು ಆಮೇಲೆ ಕಟ್ಟಿದ್ದಾರೆ. ಅದರ ಮೇಲಿಂದ ನೋಡಿದರೆ ಹಳೆಯ ಗುಡಿಯ ಮುಖ ಕಾಣುತ್ತದೆ, ಕಾರ್ಲೆಯಲ್ಲಿರುವಂಥ ಕಮಾನು ಕಿಟಕಿ. ಇದೂ ಮೊದಲು ಚೈತ್ಯ ಇತ್ತು ಅನ್ನುವವರಿದ್ದಾರೆ, ಮೊದಲಿಂದ ವಿಷ್ಣು ಗುಡಿಯೇ ಅನ್ನುವವರೂ ಇದ್ದಾರೆ. ಇಟ್ಟಿಗೆಯಲ್ಲಿ ಅಂಥ ದುಂಡು ಮಾಡಿದ್ದು ನೋಡಿದರೆ ಸಾಕು, ವಾದ ಮರೆತುಹೋಗುತ್ತದೆ ರೀ.

ಕುಂಬಳೆ_ಪೇಟೆ:
ಹಾಗಾದರೆ ಐಹೊಳೆಯ ದುರ್ಗಾ ದೇವಾಲಯ? ಪಠ್ಯಪುಸ್ತಕದಲ್ಲಿ ಅದರ ಫೋಟೋ ಇತ್ತು, ಹಿಂಭಾಗ ದುಂಡಗೆ.

ನೀರ್ಚಾಲಿನವ:
ಕರ್ನಾಟಕದಲ್ಲಿ ಗಜಪೃಷ್ಠ ಅಂದ ಕೂಡಲೇ ನೆನಪಾಗುವುದು ಅದೇ. ಅಲ್ಲಿ ಎರಡು ವಿಷಯ ಗಮನಿಸಿ. ಆ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಪಕ್ಕದಲ್ಲೇ ಕೋಟೆಯ ಕಟ್ಟಣೆ ಇದ್ದದ್ದರಿಂದ ‘ದುರ್ಗದ ಗುಡಿ’. ಮೊದಲು ಅದು ಸೂರ್ಯನ ಗುಡಿ. ಎರಡನೆಯದು, ಅಲ್ಲಿ ಕೆಳಗಿನ ಗೋಡೆ, ಸುತ್ತಿನ ಕಂಬಸಾಲು ಎಲ್ಲ ದುಂಡಗೆ ತಿರುಗುತ್ತವೆ, ಆದರೆ ಮೇಲಿನ ಶಿಖರ ಚೌಕ, ಉತ್ತರದ ನಾಗರ ಶೈಲಿಯದ್ದು. ಕೆಳಗೆ ಒಂದು, ಮೇಲೆ ಇನ್ನೊಂದು. ಮಧೂರಿನಲ್ಲಿ ಹಾಗಿಲ್ಲ, ಕೆಳಗಿನ ದುಂಡೇ ಮೇಲಿನ ತನಕ ಹೋಗುತ್ತದೆ. ಹಾಗಾಗಿ ಆನೆಯ ಬೆನ್ನು ಅಂತ ಕರೆಯಲಿಕ್ಕೆ ಐಹೊಳೆಗಿಂತ ಮಧೂರೇ ಹೆಚ್ಚು ಒಪ್ಪುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹೊಸೂರು_ಕನ್ನಡತಿ:
ಹಳೆಯ ಗ್ರಂಥಗಳಲ್ಲಿ ಬೇರೆ ಹೆಸರೂ ಇದೆಯಾ ಮಾಷ್ಟ್ರೇ? ಒಂದು ಕಡೆ ‘ವೇಸರ’ ಅಂತ ಓದಿದೆ, ಆದರೆ ಅದು ಚಾಲುಕ್ಯರ ಶೈಲಿ ಅಲ್ವಾ?

ನೀರ್ಚಾಲಿನವ:
ಇದೆ. ಮಯಮತ ಎಂಬ ಶಿಲ್ಪಗ್ರಂಥದಲ್ಲಿ ‘ದ್ವ್ಯಶ್ರವೃತ್ತ’ ಅಂತ ಬರುತ್ತದೆ, ಎರಡು ಮೂಲೆ ಇರುವ ದುಂಡು ಅಂತ. ಆನೆ ಗೀನೆ ಏನೂ ಇಲ್ಲ, ಬರೀ ರೇಖಾಗಣಿತ. ದಕ್ಷಿಣದ ಶಿಲ್ಪಗ್ರಂಥಗಳಲ್ಲಿ ಚೌಕ ಅಂದರೆ ನಾಗರ, ಎಂಟು ಮೂಲೆ ಅಂದರೆ ದ್ರಾವಿಡ, ದುಂಡು ಅಂದರೆ ವೇಸರ. ಗಜಪೃಷ್ಠ ದುಂಡಿನ ಜಾತಿಗೆ ಸೇರಿದ್ದರಿಂದ ಅದನ್ನು ವೇಸರ ಅನ್ನುತ್ತಾರೆ. ನಾವು ಶಾಲೆಯಲ್ಲಿ ಓದಿದ ‘ವೇಸರ ಶೈಲಿ’ ಅಂದರೆ ಚಾಲುಕ್ಯ, ಹೊಯ್ಸಳರ ಮಿಶ್ರಶೈಲಿ, ಅದು ಬೇರೆಯೇ ಲೆಕ್ಕ. ಎರಡನ್ನೂ ಒಟ್ಟು ಸೇರಿಸಬಾರದು.

ಅಡ್ಕದ_ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯದಾಗಿ ಒಂದು ಕೇಳುತ್ತೇನೆ. ಮಧೂರಿಗೆ ಹೋಗುವ ಮೊದಲು ಶಾಲೆಯ ಅಂಗಳದಲ್ಲಿ ಮಕ್ಕಳ ಕೈಯಲ್ಲೇ ಈ ಆಕಾರ ಬರೆಸಬಹುದಾ? ಆಚಾರ್ರೇ, ಸುಲಭ ದಾರಿ ಹೇಳಿ.

ಮುಳ್ಳೇರಿಯ_ಆಚಾರಿ:
ಧಾರಾಳವಾಗಿ. ಎರಡು ಗೂಟ, ಒಂದು ಹಗ್ಗ, ಸ್ವಲ್ಪ ಸುಣ್ಣದ ಪುಡಿ ಸಾಕು. ಮೊದಲು ಒಂದು ಚೌಕ ಎಳೆಸಿ, ಆರು ಅಡಿ ಅಂತ ಇಟ್ಟುಕೊಳ್ಳಿ. ಹಿಂದಿನ ಗೆರೆಯ ಸರಿ ನಡುವಿಗೆ ಗೂಟ ಹೊಡೆಯಿರಿ. ಹಗ್ಗವನ್ನು ಅದಕ್ಕೆ ಕಟ್ಟಿ ಮೂರು ಅಡಿ ಬಿಟ್ಟು ಇನ್ನೊಂದು ಗೂಟ ಕಟ್ಟಿ. ಚೌಕದ ಒಂದು ಮೂಲೆಯಿಂದ ಶುರು ಮಾಡಿ ಹಿಂದಿನಿಂದ ಸುತ್ತಿ ಇನ್ನೊಂದು ಮೂಲೆಗೆ ಬನ್ನಿ. ಆಮೇಲೆ ಹಿಂದಿನ ಗೆರೆ ಅಳಿಸಿಬಿಡಿ, ಗುಡಿ ಆಯಿತು. ಪಕ್ಕಾಸನ್ನೂ ತೋರಿಸಬೇಕಾದರೆ ನಡುವಿನ ಗೂಟದಿಂದ ಮುಂದಕ್ಕೆ ಒಂದು ನೇರ ಗೆರೆ ಎಳೆಯಿರಿ, ಅದು ನೆತ್ತಿ. ಅದರಿಂದ ಎರಡು ಬದಿಗೂ ಕೋಲು ಇಡಿಸಿ, ಹಿಂದೆ ಗೂಟದ ಸುತ್ತಲೂ ಇಡಿಸಿ. ಎಲ್ಲ ಕೋಲೂ ಮೂರೇ ಅಡಿ. ಹಗ್ಗ ಮಾತ್ರ ಬಿಗಿಯಾಗಿ ಹಿಡಿಯಲಿಕ್ಕೆ ಹೇಳಿ, ಸಡಿಲ ಬಿಟ್ಟರೆ ದುಂಡು ಕೆಡುತ್ತದೆ. ಎಳೆದರೆ ಉದ್ದ ಆಗುವ ಹಗ್ಗ ಬೇಡ.